ಉಗುಳಲು ಬಾರದ ಮಗುವಿಗೆ ಪೇಸ್ಟ್ ಹಾಕಿ ಹಲ್ಲುಜ್ಜಬಹುದೇ? ನಿಮ್ಮ ಅನುಭವ ತಿಳಿಸಿ

ಕೇಳಿದವರು: ಕಾರವಾರದ ತಾಯಿ

ಮಗಳಿಗೆ ಒಂದು ವರ್ಷ ಹತ್ತು ತಿಂಗಳು. ಹದಿನಾಲ್ಕು ಹಲ್ಲು ಬಂದಿವೆ. ಉಗುಳು ಎಂದರೆ ಕೆನ್ನೆ ಉಬ್ಬಿಸಿ ನಗುತ್ತಾಳೆ, ಪೇಸ್ಟನ್ನೆಲ್ಲ ನುಂಗುತ್ತಾಳೆ. ಮೊನ್ನೆ ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಟ್ಯೂಬನ್ನೇ ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ಅಂದಿನಿಂದ ನಮ್ಮ ಅತ್ತೆ, "ಫ್ಲೋರೈಡ್ ವಿಷ, ಐದು ವರ್ಷದವರೆಗೆ ಬರೀ ನೀರಿನಲ್ಲಿ ಉಜ್ಜು" ಎನ್ನುತ್ತಿದ್ದಾರೆ. ಮೊದಲ ಹಲ್ಲು ಬಂದಾಗಿನಿಂದಲೇ ಹುಳುಕು ತಡೆಯುವ ಫ್ಲೋರೈಡ್ ಪೇಸ್ಟ್ ಬೇಕು ಎನ್ನುತ್ತಾರೆ ದಂತ ವೈದ್ಯರು. ನೀವೆಲ್ಲ ಏನು ಮಾಡಿದಿರಿ?

ಶಿರಸಿಯಿಂದ, ಇಬ್ಬರು ಮಕ್ಕಳ ತಾಯಿ

ತಂಗಿ, ನಾನು ಎರಡೂ ದಾರಿ ನಡೆದು ನೋಡಿದವಳು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ದೊಡ್ಡವನಿಗೆ ಪೇಸ್ಟ್ ಮುಟ್ಟಿಸಿರಲಿಲ್ಲ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ತೆಳ್ಳೇವಿಗೆ ಜೋನಿಬೆಲ್ಲ, ಆಲೆಮನೆ ಸಮಯದಲ್ಲಿ ಕಬ್ಬಿನ ಹಾಲು, ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಕಚ್ಚಿಕೊಂಡೇ ನಿದ್ದೆ. ಎರಡು ವರ್ಷವಾದಾಗ ಮೇಲಿನ ಮುಂದಿನ ಹಲ್ಲುಗಳಲ್ಲಿ, ಒಸಡಿಗೆ ಅಂಟಿಕೊಂಡಂತೆ ಸುಣ್ಣದ ಗೆರೆ ಎಳೆದ ಹಾಗೆ ಬೆಳ್ಳಗೆ ಕಂಡಿತು. ಹಾಲಿನ ಕರೆ ಎಂದುಕೊಂಡು ಉಗುರಿನಿಂದ ಕೆರೆದು ನೋಡಿದೆ, ಹೋಗಲಿಲ್ಲ. ಅದು ಹುಳುಕಿನ ಮೊದಲ ಗುರುತು ಎಂದು ನನಗೆ ಗೊತ್ತೇ ಇರಲಿಲ್ಲ. ಆರು ತಿಂಗಳಲ್ಲಿ ಅದೇ ಗೆರೆ ಕಂದಾಗಿ, ಹಲ್ಲಿನ ಅಂಚು ಮುರಿದು ಬಿತ್ತು. ಹಾಲುಹಲ್ಲು ಹೇಗೂ ಬೀಳುತ್ತದೆ ಎಂದು ಸಮಾಧಾನ ಹೇಳಿದವರು ಬಹಳ. ಆದರೆ ಮುಂದಿನ ಹಲ್ಲು ಬೀಳುವುದು ಆರೇಳು ವರ್ಷಕ್ಕೆ, ದವಡೆ ಹಲ್ಲು ಹತ್ತರಿಂದ ಹನ್ನೆರಡಕ್ಕೆ. ಅಲ್ಲಿಯವರೆಗೆ ಮಗು ಅದೇ ನೋವಿನಲ್ಲಿ ಅಗಿಯಬೇಕಲ್ಲ.

ಎರಡನೆಯ ಕೂಸಿಗೆ ಮೊದಲ ಹಲ್ಲು ಮೂಡಿದಾಗಲೇ ವೈದ್ಯರಲ್ಲಿ ಹೋದೆ. ಅವರು ಬ್ರಷ್ಷಿನ ಮೇಲೆ ಒಂದಿಷ್ಟು ಪೇಸ್ಟ್ ಹಿಂಡಿ, ಹೆಬ್ಬೆರಳಿನಿಂದ ಎಳೆಗಳ ಒಳಗೆ ಒತ್ತಿ, ಮೇಲೆ ಉಳಿದದ್ದನ್ನು ಒರೆಸಿ ತೆಗೆದರು. "ಉಳಿದಿದೆಯಲ್ಲ, ಅಷ್ಟೇ. ಇದನ್ನು ನುಂಗಿದರೂ ಚಿಂತೆಯಿಲ್ಲ" ಎಂದರು. ಬ್ರಷ್ ನೋಡಿದರೆ ಪೇಸ್ಟ್ ಇದೆಯೋ ಇಲ್ಲವೋ ಎನ್ನುವಂತಿತ್ತು. ಈಗಲೂ ಹಾಗೆಯೇ ಮಾಡುತ್ತೇನೆ. ಮೇಲೆ ಗುಡ್ಡೆಯಾಗಿ ಕುಳಿತ ಪೇಸ್ಟನ್ನು ಮಗು ಮೊದಲು ನೆಕ್ಕಿ ತಿನ್ನುತ್ತದೆ, ಎಳೆಗಳ ಒಳಗಿರುವುದು ಮಾತ್ರ ಹಲ್ಲಿಗೆ ತಾಗುತ್ತದೆ.

ಇನ್ನೊಂದು ಮಾತು, ಎದುರು ನಿಂತು ಉಜ್ಜಬೇಡಿ. ಚಾಪೆಯ ಮೇಲೆ ಕುಳಿತು, ಕೂಸಿನ ತಲೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೇಲಿನಿಂದ ನೋಡುತ್ತ ಉಜ್ಜಿ. ಒಂದು ಬೆರಳಿನಿಂದ ಮೇಲ್ದುಟಿ ಎತ್ತಿದರೆ ಒಸಡಿನ ಗೆರೆ ಚೆನ್ನಾಗಿ ಕಾಣುತ್ತದೆ, ಬಿಳಿ ಗೆರೆ ಇದ್ದರೆ ಅಂದೇ ಕಣ್ಣಿಗೆ ಬೀಳುತ್ತದೆ. ಉಜ್ಜಿದ ಮೇಲೆ ನೀರು ಕುಡಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ನೊರೆ ಒರೆಸಿಬಿಡುತ್ತೇನೆ. ರಾತ್ರಿಯ ಉಜ್ಜುವಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗಂಟಿದ ಸಿಹಿ ಬೆಳಗಿನವರೆಗೂ ಅಲ್ಲೇ ಇರುತ್ತದೆ.

ಅಂಕೋಲಾದಿಂದ

"ಅಕ್ಕಿಕಾಳಿನಷ್ಟು" ಪೇಸ್ಟ್ ಹಾಕಿ ಎಂದು ನಮಗೆ ವೈದ್ಯರು ಹೇಳಿದ್ದರು. ನಮ್ಮ ಮನೆಯಲ್ಲಿ ಅಜ್ಜಿ ಹಾಕುತ್ತಿದ್ದದ್ದು ಬೆಂದು ಉಬ್ಬಿದ ಕುಚ್ಚಲಕ್ಕಿ ಅಗುಳಿನಷ್ಟು! ಅವರ ತಪ್ಪಲ್ಲ, ನಾವು ಬಿಡಿಸಿ ಹೇಳಿರಲಿಲ್ಲ. ಬೇಯಿಸದ ಅಕ್ಕಿಯ ಒಂದು ಕಾಳು, ಅದೇ ಅಳತೆ. ಮೂರು ವರ್ಷ ತುಂಬಿದ ಮೇಲೆ ಬಟಾಣಿ ಕಾಳಿನಷ್ಟು. ಮನೆಯಲ್ಲಿ ಯಾರೆಲ್ಲ ಮಗುವಿನ ಹಲ್ಲು ಉಜ್ಜುತ್ತಾರೋ ಅವರೆಲ್ಲರಿಗೂ ಒಮ್ಮೆ ತೋರಿಸಿಬಿಡಿ.

ಕುಮಟಾದಿಂದ, ಔಷಧ ಅಂಗಡಿಯಲ್ಲಿ ಕೆಲಸ ಮಾಡುವವರು

ಟ್ಯೂಬ್ ಚೀಪಿದ ವಿಷಯಕ್ಕೆ ಲೆಕ್ಕ ಹೇಳುತ್ತೇನೆ, ನಿಮ್ಮ ಭಯ ಕಡಿಮೆಯಾಗಬಹುದು. ಟ್ಯೂಬಿನ ಮೇಲೆ ಫ್ಲೋರೈಡ್ ಎಷ್ಟು ಪಿಪಿಎಂ ಎಂದು ಬರೆದಿರಲೇಬೇಕು, ನಮ್ಮ ದೇಶದ ನಿಯಮದಲ್ಲಿ ಅದು 1000 ಮೀರುವಂತಿಲ್ಲ. 1000 ಎಂದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್. ಅಕ್ಕಿಕಾಳಿನಷ್ಟು ಪೇಸ್ಟ್ ಸುಮಾರು 0.1 ಗ್ರಾಂ, ಅದರಲ್ಲಿ 0.1 ಮಿಲಿಗ್ರಾಂ. ದೇಹದ ತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಫ್ಲೋರೈಡ್ ಹೊಟ್ಟೆಗೆ ಹೋದರೆ ಆಗ ತಡಮಾಡದೆ ಆಸ್ಪತ್ರೆಗೆ ಓಡಬೇಕು. ನಿಮ್ಮ ಮಗು 11 ಕಿಲೋ ಇದ್ದರೆ ಅದು 55 ಮಿಲಿಗ್ರಾಂ, ಅಂದರೆ 55 ಗ್ರಾಂ ಪೇಸ್ಟ್. ಒಂದೆರಡು ಬಾರಿ ಚೀಪಿದರೆ ಹೊಟ್ಟೆ ತೊಳಸಬಹುದು, ಒಮ್ಮೆ ವಾಂತಿಯಾಗಬಹುದು. ಹಾಲು ಕುಡಿಸಿ, ಅದರಲ್ಲಿರುವ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದಿಡುತ್ತದೆ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಎಷ್ಟು ತಿಂದಿದೆ ಎಂದೇ ತಿಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ ಅಥವಾ ಮಗು ಮಂಕಾದರೆ ಟ್ಯೂಬನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.

ಮಕ್ಕಳ ಪೇಸ್ಟ್ ಎಂದು ಚಿತ್ರ ನೋಡಿ ಕೊಳ್ಳುವವರೇ ಹೆಚ್ಚು. ಕೆಲವದರಲ್ಲಿ 500 ಪಿಪಿಎಂ ಆಸುಪಾಸು ಇರುತ್ತದೆ, ಕೆಲವದರಲ್ಲಿ ಫ್ಲೋರೈಡೇ ಇರುವುದಿಲ್ಲ. ಹಿಂಬದಿಯ ಸಣ್ಣಕ್ಷರ ಓದಿ, ಯಾವುದು ಬೇಕೆಂದು ವೈದ್ಯರನ್ನು ಕೇಳಿಯೇ ಆರಿಸಿ. ಸ್ಟ್ರಾಬೆರಿ ರುಚಿಯ ಪೇಸ್ಟನ್ನು ಮಕ್ಕಳು ತಿಂಡಿ ಎಂದೇ ತಿಳಿಯುತ್ತವೆ. ಕೈಗೆ ಸಿಗದ ಎತ್ತರದಲ್ಲಿಡಿ.

ಹೊನ್ನಾವರದಿಂದ, ತವರು ಮುಂಡರಗಿ ಕಡೆ

ನಿಮ್ಮ ಅತ್ತೆಯವರ ಭಯ ಹುಸಿಯಲ್ಲ, ಅವರನ್ನು ಹಗುರವಾಗಿ ಕಾಣಬೇಡಿ. ನಮ್ಮೂರಿನ ಫ್ಲೋರೈಡ್ ಹೆಚ್ಚಿರುವ ಕೊಳವೆ ಬಾವಿ ನೀರು ಕುಡಿದು ಬೆಳೆದ ನನ್ನ ಅಣ್ಣನ ಹಲ್ಲಿನ ಮೇಲೆ ಚಹಾ ಚೆಲ್ಲಿ ಒಣಗಿದಂತೆ ಕಂದು ಪಟ್ಟೆಗಳಿವೆ. ಫೋಟೋ ತೆಗೆಯುವಾಗ ಅವನು ಇಂದಿಗೂ ತುಟಿ ಬಿಚ್ಚುವುದಿಲ್ಲ. ಶಾಶ್ವತ ಹಲ್ಲುಗಳು ಚಿಕ್ಕಂದಿನಲ್ಲೇ ಒಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಆಗ ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಹೊಟ್ಟೆ ಸೇರಿದರೆ ಕಲೆ ಬೀಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಅತ್ತೆಯವರು ಹೆದರುವುದು ಈ ನಿತ್ಯದ ಅತಿಗೆ. ಅಕ್ಕಿಕಾಳಿನ ಅಳತೆ ಇರುವುದೂ ಅದನ್ನು ತಡೆಯಲಿಕ್ಕೇ. ನಿಮ್ಮದು ಕೊಳವೆ ಬಾವಿಯಾಗಿದ್ದರೆ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಹಳೆಯ ಸಲಹೆಯೂ ಬೇರೆಯೇ ಇತ್ತು. ಎರಡು ವರ್ಷದವರೆಗೆ ಫ್ಲೋರೈಡ್ ಪೇಸ್ಟ್ ಬೇಡ ಎನ್ನುತ್ತಿದ್ದ ಅಮೆರಿಕದ ದಂತ ವೈದ್ಯರ ಸಂಘ, ಮೊದಲ ಹಲ್ಲಿನಿಂದಲೇ ಅಕ್ಕಿಕಾಳಿನಷ್ಟು ಎಂದು ಬದಲಿಸಿದ್ದು 2014ರಲ್ಲಿ. ಹಿರಿಯರು ಕೇಳಿದ್ದು ಹಳೆಯದನ್ನು.

ಯಲ್ಲಾಪುರದಿಂದ, ತಂದೆ

ನನ್ನ ಮಗನಿಗೆ ಉಗುಳುವುದನ್ನು ಕಲಿಸಿದ್ದು ನನ್ನ ಅಪ್ಪ. ಸ್ನಾನಕ್ಕೆ ಮೊದಲು ಅಂಗಳದ ತೆಂಗಿನ ಬುಡದಲ್ಲಿ ಇಬ್ಬರೂ ಬಾಯಲ್ಲಿ ಬರೀ ನೀರು ತುಂಬಿಕೊಂಡು, ಯಾರು ದೂರಕ್ಕೆ ಉಗುಳುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ಮೂರು ವರ್ಷ ತುಂಬುವ ಹೊತ್ತಿಗೆ ಮಗ ಕಲಿತ. ಈಗ ಆರು ವರ್ಷ, ಅವನು ಉಜ್ಜಿಕೊಂಡ ಮೇಲೆ ನಾನೊಮ್ಮೆ ಉಜ್ಜುತ್ತೇನೆ. ಏಳೆಂಟು ವರ್ಷದವರೆಗೆ ಹಿಂದಿನ ದವಡೆಯವರೆಗೆ ಮಕ್ಕಳ ಕೈ ಸರಿಯಾಗಿ ಹೋಗುವುದಿಲ್ಲ. ಇದ್ದಿಲ ಪುಡಿ, ಕೆಂಪು ಹಲ್ಲುಪುಡಿ ಮಾತ್ರ ಬೇಡ, ಎಳೆಯ ಹಲ್ಲು ಸವೆಯುತ್ತದೆ.

ಕಾರವಾರದ ತಾಯಿ

ಎಲ್ಲರಿಗೂ ವಂದನೆಗಳು. ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ಮುಂಡರಗಿಯ ಅಕ್ಕನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಡಬ್ಬಿಯಿಂದ ದೋಸೆ ಅಕ್ಕಿಯ ಒಂದು ಕಾಳು ತಂದು ಬ್ರಷ್ಷಿನ ಪಕ್ಕ ಇಟ್ಟು, ಪೇಸ್ಟನ್ನು ಅದಕ್ಕೆ ಸರಿಯಾಗಿ ಅಳೆದು ಹಾಕಿದರು. ಟ್ಯೂಬ್ ಈಗ ಕನ್ನಡಿಯ ಮೇಲಿನ ಹಲಗೆಯಲ್ಲಿದೆ. ಮೇಲ್ದುಟಿ ಎತ್ತಿ ನೋಡಿದೆವು, ಬಿಳಿ ಗೆರೆ ಕಾಣಲಿಲ್ಲ. ರಾತ್ರಿಯ ಹಾಲಿನ ಬಾಟಲಿ ಬಿಡಿಸುವುದು ಬಾಕಿ ಇದೆ, ಅದನ್ನು ಹೇಗೆ ಬಿಡಿಸಿದಿರಿ ಎಂದು ಶಿರಸಿಯ ಅಕ್ಕ ಬಿಡುವಾದಾಗ ಬರೆಯಬೇಕು.