ಅಪ್‌ಡೇಟ್: ಫ್ಲಶ್ ಮಾಡಿದ ಮೇಲೆ ಕೂಲಂಟ್ ಇಳಿದಿದ್ದಕ್ಕೆ ಕಾರಣ ಸಿಕ್ಕಿತು

ಹೋದ ವಾರ ಕೇಳಿದ್ದೆ, ನೆನಪಿದೆಯಲ್ವಾ? ಮನೆಯಲ್ಲೇ ಕಾರಿನ ರೇಡಿಯೇಟರ್ ಫ್ಲಶ್ ಮಾಡಿ (ಹಳೆಯದನ್ನು ಹರಿಸಿ ತೊಳೆದು) ಹೊಸ ಕೂಲಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಹಾಕಿದ್ದೆ. ಮರುದಿನ ನೋಡಿದರೆ ರಿಸರ್ವ್ ಟ್ಯಾಂಕಿನಲ್ಲಿ ಮಿನ್ ಗೆರೆಗಿಂತ ಕೆಳಗೆ. ಸೋರುತ್ತಿದೆಯಾ ಅಂತ ತುಂಬಾ ಗಾಬರಿಯಾಗಿತ್ತು.

ನೀವು ಹೇಳಿದ ಹಾಗೆ ರಾತ್ರಿಯಿಡೀ ಕಾರಿನ ಕೆಳಗೆ ರಟ್ಟು ಹಾಸಿಟ್ಟೆ. ಒಂದು ಹನಿಯೂ ಇರಲಿಲ್ಲ. ಒಳಗೆ ಗಾಳಿ ಉಳಿದಿತ್ತು, ಅದು ಹೊರಬಂದ ಜಾಗಕ್ಕೆ ಕೂಲಂಟ್ ಇಳಿದಿತ್ತು, ಅಷ್ಟೇ.

ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದೆ. ಕೂಲಂಟ್ ಬಾಯಿಗಿಂತ ಎರಡು ಬೆರಳು ಕೆಳಗಿತ್ತು. ತುಂಬಿಸಿ, ಹೀಟರ್ ಫುಲ್ ಬಿಸಿಗೆ ಇಟ್ಟು, ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿದೆ. ಹದಿನೈದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆಯಿತು. ಮೇಲಿನ ಹೋಸ್ ಬಿಸಿಯಾಯಿತು, ಗುಳುಗುಳು ಅಂತ ಗುಳ್ಳೆ ಎದ್ದವು, ಹಸಿರು ನೀರು ಒಮ್ಮೆಲೇ ಇಳಿಯಿತು. ಗುಳ್ಳೆ ನಿಲ್ಲುವವರೆಗೂ ಸ್ವಲ್ಪಸ್ವಲ್ಪ ಸೇರಿಸಿದೆ. ಮುಕ್ಕಾಲು ಲೀಟರ್ ಹಿಡಿಯಿತು!

ಹಾಕಿದ್ದು ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ನಮ್ಮ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲೇ ಬಿಳಿ ಪದರ ಕಟ್ಟುತ್ತದೆ, ಅದನ್ನು ರೇಡಿಯೇಟರಿಗೆ ಹಾಕಲು ಮನಸ್ಸು ಬರಲಿಲ್ಲ.

ನಿನ್ನೆ 60 ಕಿ.ಮೀ. ಓಡಿಸಿದೆ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ಇವತ್ತು ಬೆಳಿಗ್ಗೆ ತಣ್ಣಗಿದ್ದಾಗ ನೋಡಿದೆ, ಟ್ಯಾಂಕಿನಲ್ಲಿ ಮಿನ್ ಮತ್ತು ಮ್ಯಾಕ್ಸ್ ನಡುವೆ ನಿಂತಿದೆ. ಇನ್ನೊಂದು ವಾರ ದಿನಾ ನೋಡುತ್ತೇನೆ.

ಇಂಜಿನ್ ಬಿಸಿ ಇದ್ದಾಗ ಮಾತ್ರ ಕ್ಯಾಪ್ ತೆಗೆಯಲೇಬೇಡಿ. ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ. ಇದನ್ನು ಮೊದಲೇ ಹೇಳಿದವರಿಗೆ ನಾನು ತುಂಬಾ ಋಣಿ.