ಮುಂದಿನ ಬಂಪರ್ ಒಳಗಿನ ಬೀಮ್ ತೆಗೆದರೆ ನಿಜವಾಗಿ ಏನಾಗುತ್ತದೆ?

ತಿರುವುಗಾರ:
ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ವಾರವೆಲ್ಲ ಕೆಲಸಕ್ಕೆ ಇದೇ ಕಾರು, ತಿಂಗಳಿಗೊಮ್ಮೆ ಟ್ರ್ಯಾಕ್‌ಗೂ ಇದೇ. ವೇಗದ ತಿರುವಿನಲ್ಲಿ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಮೂತಿ ಹೊರಗಡೆಗೇ ಜಾರುತ್ತದೆ. ಗ್ಯಾರೇಜಿನವರು ಮೂರು ಕೆಲಸ ಹೇಳಿದ್ದಾರೆ. ಮುಂದಿನ ಬಂಪರ್ ಒಳಗಿನ ಬೀಮ್ ತೆಗೆಯುವುದು, ಅದರಿಂದ 6 ಕೆ.ಜಿ. ಕಮ್ಮಿಯಾಗುತ್ತದಂತೆ. ಸ್ಪ್ರಿಂಗ್ ಒಂದೂವರೆ ಸುತ್ತು ಕತ್ತರಿಸಿ ಕಾರನ್ನು ಕೆಳಗಿಳಿಸುವುದು. ಆಮೇಲೆ ಒಳಗೆ ರೋಲ್ ಕೇಜ್, ಅಂದರೆ ಕಬ್ಬಿಣದ ಪೈಪ್‌ಗಳ ಚೌಕಟ್ಟು, ವೆಲ್ಡ್ ಮಾಡುವುದು, ಬಾಡಿಯೂ ಬಿಗಿಯಾಗುತ್ತದೆ, ಸೇಫ್ಟಿಯೂ ಜಾಸ್ತಿ ಅಂದರು. ಮೂರನೆಯದು ಕೇಳಿ ಖುಷಿಯಾಯಿತು, ಮೊದಲನೆಯದು ಕೇಳಿ ಸ್ವಲ್ಪ ಹೆದರಿಕೆಯಾಯಿತು. ಹಿಂದಿನ ಸೀಟಿನಲ್ಲಿ ಮಗಳು ಕೂರುತ್ತಾಳೆ. ಗೊತ್ತಿದ್ದವರು ಹೇಳಿ, ಮಾಡಿಸಲಾ, ಬೇಡವಾ?

ನಟ್ಟುಬೋಲ್ಟು:
ಬೀಮ್ ಮಾತ್ರ ದಯವಿಟ್ಟು ತೆಗೆಸಬೇಡಿ. ಹೊರಗೆ ಕಾಣುವ ಬಂಪರ್ ಬರೀ ಪ್ಲಾಸ್ಟಿಕ್ ಹೊದಿಕೆ. ಪೆಟ್ಟು ತಿನ್ನುವುದು ಒಳಗಿನ ಬೀಮು, ಮತ್ತು ಅದರ ಎರಡೂ ತುದಿಯಲ್ಲಿ ಮಡಚಿಕೊಳ್ಳಲಿ ಅಂತಲೇ ಇಟ್ಟಿರುವ ಡಬ್ಬಿಯಾಕಾರದ ತುಂಡುಗಳು. ಕಾರಿನ ಒಂದೇ ಬದಿ ಗುದ್ದಿದಾಗ ಆ ಪೆಟ್ಟಿನಲ್ಲಿ ಒಂದಷ್ಟನ್ನು ಇನ್ನೊಂದು ಬದಿಗೆ ದಾಟಿಸುವುದೂ ಈ ಬೀಮೇ. ಅದಿಲ್ಲದಿದ್ದರೆ ಗುದ್ದಿದ ಬದಿಯೊಂದೇ ಎಲ್ಲವನ್ನೂ ಹೊರಬೇಕು, ಅದರ ಕೈಲಾಗದೇ ಹೋದರೆ ಉಳಿದ ಪೆಟ್ಟು ಬರುವುದು ನಿಮ್ಮ ಕಾಲಿನ ಹತ್ತಿರಕ್ಕೆ.

ಕಾರಿನ ಮುಂಭಾಗ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಒಂದು ಕಾಲದಲ್ಲಿತ್ತು. ಮುಂದೆ ಹಿಂದೆ ಮೆತ್ತಗಿರಲಿ, ನಡುವೆ ಜನ ಕೂರುವ ಜಾಗ ಗಟ್ಟಿಯಾಗಿರಲಿ ಎಂಬ ವಿನ್ಯಾಸಕ್ಕೆ 1951ರಲ್ಲಿ ಪೇಟೆಂಟ್ ಅರ್ಜಿ ಹಾಕಿದವರು ಮರ್ಸಿಡಿಸ್-ಬೆಂಜ್ ಇಂಜಿನಿಯರ್ ಬೇಲಾ ಬರೆನಿ. 1959ರಲ್ಲಿ ಆ ಕಂಪನಿಯ ಡಬ್ಲ್ಯೂ111 ಕಾರಿನಲ್ಲಿ ಅದು ರಸ್ತೆಗೆ ಬಂತು. ಯಾಕೆ ಹಾಗೆ ಅಂತ ಲೆಕ್ಕ ಹಾಕಿದರೆ ತಿಳಿಯುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಗುದ್ದಿ, 60 ಸೆಂ.ಮೀ. ಮಡಚಿಕೊಂಡು ನಿಂತರೆ, ಕಾರು ತಡೆದುಕೊಳ್ಳುವ ಸರಾಸರಿ ಪೆಟ್ಟು ಅದರ ತೂಕದ ಸುಮಾರು 16 ಪಟ್ಟು. 30 ಸೆಂ.ಮೀ.ನಲ್ಲೇ ನಿಂತರೆ ಸುಮಾರು 33 ಪಟ್ಟು. ಬೆಲ್ಟ್ ಹಾಕಿ ಕೂತವರಿಗೂ ಆ ವ್ಯತ್ಯಾಸ ತಟ್ಟಿಯೇ ತಟ್ಟುತ್ತದೆ. ಏರ್‌ಬ್ಯಾಗ್ ಕೂಡ ಈ ಮಡಚುವಿಕೆಯನ್ನೇ ನಂಬಿಕೊಂಡಿದೆ. ಗುದ್ದಿದ ಕೆಲವೇ ಮಿಲಿಸೆಕೆಂಡಿನಲ್ಲಿ ಬಿಚ್ಚಬೇಕೋ ಬೇಡವೋ ಎಂದು ಅದು ತೀರ್ಮಾನ ಮಾಡಬೇಕು, ಆ ಲೆಕ್ಕವನ್ನು ಕೂಡಿಸಿರುವುದು ಬೀಮ್ ಇರುವ ಕಾರಿಗೆ.

ಇನ್ನು 6 ಕೆ.ಜಿ. ಮಾತು. 10 ಲೀಟರ್ ಪೆಟ್ರೋಲೇ ಸುಮಾರು ಏಳೂವರೆ ಕೆ.ಜಿ. ತೂಗುತ್ತದೆ. ಟ್ರ್ಯಾಕ್‌ಗೆ ಹೋಗುವ ದಿನ ಟ್ಯಾಂಕ್ ತುಂಬಿಸಬೇಡಿ, ಡಿಕ್ಕಿಯಲ್ಲಿರುವ ಸಾಮಾನು ಇಳಿಸಿ, ಅದಕ್ಕಿಂತ ಜಾಸ್ತಿ ತೂಕ ಕಮ್ಮಿಯಾಗುತ್ತದೆ.

ಬೆಸುಗೆಕೈ:
ನಾನು ಅಪಘಾತವಾದ ಕಾರುಗಳ ಬಾಡಿ ಕೆಲಸ ಮಾಡುವವನು. ರೋಲ್ ಕೇಜ್ ಬಗ್ಗೆ ನನ್ನ ಮಾತು ಸ್ವಲ್ಪ ಕೇಳಿ. ಎಷ್ಟೋ ಕಾರುಗಳಲ್ಲಿ ಎರಡು ಬಾಗಿಲ ನಡುವಿನ ಕಂಬಕ್ಕೆ ಬೋರಾನ್ ಸ್ಟೀಲ್ ಹಾಕಿರುತ್ತಾರೆ. ತಗಡನ್ನು 900 ಡಿಗ್ರಿ ಆಸುಪಾಸಿಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ತಟ್ಟನೆ ತಣ್ಣಗೆ ಮಾಡುತ್ತಾರೆ. ಹಾಗೆ ಮಾಡಿದ್ದಕ್ಕೇ ಅದಕ್ಕೆ 1500 ಮೆಗಾಪಾಸ್ಕಲ್‌ನಷ್ಟು ಬಲ ಬರುವುದು, ಮಾಮೂಲಿ ತಗಡಿನ ನಾಲ್ಕೈದು ಪಟ್ಟು. ಕೇಜ್ ಕೂರಿಸುವಾಗ ಇಂಥದ್ದರ ಮೇಲೆ ವೆಲ್ಡಿಂಗ್ ಬಿಸಿ ತಾಗಿದರೆ ಬೆಸುಗೆಯ ಪಕ್ಕದ ಪಟ್ಟಿ ಮೆತ್ತಗಾಗಿಬಿಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಬಣ್ಣ ಹೊಡೆದ ಮೇಲಂತೂ ದೇವರೇ ಬಂದರೂ ಗೊತ್ತಾಗುವುದಿಲ್ಲ. ಪಕ್ಕದಿಂದ ಯಾರಾದರೂ ಗುದ್ದಿದ ದಿನ ಕಂಬ ಅಲ್ಲಿಯೇ ಮಡಚುತ್ತದೆ.

ಡ್ರಿಲ್ ಮಾಡುವಾಗಲೂ ಹುಷಾರು. ತಗಡನ್ನು ಎಳೆದಾಗ ದುಂಡನೆಯ ತೂತಿನ ಅಂಚಿನಲ್ಲಿ ಎಳೆತ ಬೇರೆ ಕಡೆಗಿಂತ ಸುಮಾರು ಮೂರು ಪಟ್ಟು ಇರುತ್ತದೆ. ಬಿರುಕು ಶುರುವಾಗುವುದು ಅಲ್ಲೇ. ಕಳೆದ ವರ್ಷ ನನ್ನ ಹತ್ತಿರ ಒಂದು ಕಾರು ಬಂದಿತ್ತು, ಯಾರೋ ನೆಲಕ್ಕೆ ಅಂಗೈ ಅಗಲದ ತಗಡಿಟ್ಟು ಕೇಜ್ ಕೂರಿಸಿದ್ದರು. ಅಪಘಾತವೇನೂ ಆಗಿರಲಿಲ್ಲ, ಬರೀ ಓಡಿಸಿದ್ದಕ್ಕೇ ತಗಡಿನ ಸುತ್ತ ಬಿರುಕು ಬಿಟ್ಟಿತ್ತು. ಆ ಕಾರಿನ ಹಿಂದಿನ ಸೀಟಿನಲ್ಲೂ ಮಕ್ಕಳು ಕೂರುತ್ತಿದ್ದರು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟ್ರ್ಯಾಕ್‌ಪ್ರೇಮಿ:
ಬೆಸುಗೆಕೈ ಅಣ್ಣ ಹೇಳಿದ್ದು ಸರಿ, ಆದರೆ ರೋಲ್ ಕೇಜ್ ಎಂದರೇನೇ ಕೆಟ್ಟದ್ದು ಅನ್ನುವಂತಾಗಬಾರದು. ನಾನು ಕೇಜ್ ಇರುವ ಕಾರನ್ನೇ ಓಡಿಸುತ್ತೇನೆ, ಅದರೊಳಗೆ ಒಮ್ಮೆ ಪಲ್ಟಿಯಾಗಿ ನನ್ನ ಕಾಲ ಮೇಲೆ ನಾನೇ ಎದ್ದು ಬಂದಿದ್ದೇನೆ. ಆದರೆ ಅವತ್ತು ತಲೆಗೆ ಹೆಲ್ಮೆಟ್ ಇತ್ತು, ಕುತ್ತಿಗೆಗೆ ಆಸರೆ ಇತ್ತು, ಆರು ಪಟ್ಟಿಯ ಬೆಲ್ಟ್ ನನ್ನನ್ನು ಬಕೆಟ್ ಸೀಟಿಗೆ ಬಿಗಿದು ಹಿಡಿದಿತ್ತು. ಅದೆಲ್ಲ ಸೇರಿದರೆ ಮಾತ್ರ ಕೇಜ್ ಕಾಪಾಡುತ್ತದೆ. ಮನೆಯ ಕಾರಿನ ಮಾಮೂಲಿ ಬೆಲ್ಟ್‌ನಲ್ಲಿ ಗುದ್ದಿದ ಹೊತ್ತಿಗೆ ಮೈ ತುಂಬಾ ಮುಂದಕ್ಕೆ, ಪಕ್ಕಕ್ಕೆ ಹೋಗುತ್ತದೆ. ಹೆಲ್ಮೆಟ್ ಇಲ್ಲದ ತಲೆಯ ಪಕ್ಕದಲ್ಲೇ ಕಬ್ಬಿಣದ ಪೈಪ್ ಇದ್ದರೆ ಏನಾಗುತ್ತದೆ ಯೋಚಿಸಿ. ಪಕ್ಕದ ಕಿಟಕಿಯ ಮೇಲಿಂದ ಇಳಿಯುವ ಏರ್‌ಬ್ಯಾಗ್ ಇದ್ದರೆ ಅದಕ್ಕೂ ಪೈಪ್ ಅಡ್ಡ. ಮಗಳನ್ನು ಕೂರಿಸುವ ಕಾರಿಗೆ ಖಂಡಿತ ಬೇಡ. ಮುಂದೆ ಯಾವತ್ತಾದರೂ ಟ್ರ್ಯಾಕ್‌ಗೇ ಅಂತ ಇನ್ನೊಂದು ಹಳೆಯ ಕಾರು ತೆಗೆದುಕೊಂಡರೆ, ಅದಕ್ಕೆ ಪೂರ್ತಿಯಾಗಿ, ನಿಯಮದ ಪ್ರಕಾರ ಮಾಡಿಸಿ.

ತಿರುವುಗಾರ:
ಓದಿ ಮೈ ಜುಮ್ಮೆಂದಿತು. ಕೇಜ್ ಬೇಡ ಎಂದು ಈಗಲೇ ಫೋನ್ ಮಾಡಿ ಹೇಳಿದೆ. ಆದರೆ ಬೀಮನ್ನು ಆಗಲೇ ಬಿಚ್ಚಿ ಮೂಲೆಯಲ್ಲಿ ಇಟ್ಟಿದ್ದಾರಂತೆ, ನಾಳೆ ನಾನೇ ನಿಂತು ವಾಪಸ್ ಹಾಕಿಸುತ್ತೇನೆ. ಸ್ಪ್ರಿಂಗ್ ಆದರೂ ಕತ್ತರಿಸಬಹುದಾ? ಮೂತಿ ಜಾರುವುದಕ್ಕೆ ಏನು ಮಾಡಲಿ?

ನಟ್ಟುಬೋಲ್ಟು:
ಕತ್ತರಿಸಬೇಡಿ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದೂವರೆ ಹೋದರೆ ಸ್ಪ್ರಿಂಗ್ ಮೂರನೇ ಒಂದು ಭಾಗ ಗಡುಸಾಗುತ್ತದೆ, ಆದರೆ ಶಾಕ್ ಅಬ್ಸಾರ್ಬರ್ ಹಳೆಯದೇ, ಅದರ ಕೈಗೆ ಸಿಗುವುದಿಲ್ಲ. ಚಕ್ರ ಪೂರ್ತಿ ಕೆಳಗಿಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ತನ್ನ ಕೂರುವ ಜಾಗ ಬಿಟ್ಟು ಸರಿಯಬಹುದು. ಇನ್ನೊಂದು ವಿಷಯ, ನಿಮ್ಮಂಥ ಕಾರುಗಳ ಮುಂದಿನ ಸಸ್ಪೆನ್ಶನ್ ತುಂಬಾ ಇಳಿಸಿದರೆ ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು (ಆರ್ಮ್) ಓರೆಯಾಗಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿಗಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಆಗ ತಿರುವಿನಲ್ಲಿ ಬಾಡಿಯನ್ನು ವಾಲಿಸುವ ಬಲ ಕಮ್ಮಿಯಾಗುವ ಬದಲು ಹೆಚ್ಚುತ್ತದೆ.

ಮೊದಲು ಒಳ್ಳೆಯ ಟೈರ್ ಹಾಕಿಸಿ, ಗಾಳಿ ಒತ್ತಡ ನೋಡಿಕೊಳ್ಳಿ. ಆಮೇಲೆ ಅಲೈನ್‌ಮೆಂಟ್‌ನಲ್ಲಿ ಮುಂದಿನ ಚಕ್ರಕ್ಕೆ ಸ್ವಲ್ಪ ನೆಗೆಟಿವ್ ಕ್ಯಾಂಬರ್ ಕೊಡಿಸಿ, ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿರಲಿ. ಹಿಂದಕ್ಕೆ ಇನ್ನೊಂದು ಸ್ವಲ್ಪ ದಪ್ಪನೆಯ ಆಂಟಿ-ರೋಲ್ ಬಾರ್, ಅಂದರೆ ಕಾರು ವಾಲುವುದನ್ನು ತಡೆಯುವ ಸರಳು, ಹಾಕಿಸಿ. ಮೂತಿ ಜಾರುವುದು ಬಹಳಷ್ಟು ನಿಲ್ಲುತ್ತದೆ, ಯಾವುದನ್ನೂ ಕೊಯ್ಯಬೇಕಿಲ್ಲ. ಬ್ರೇಕ್ ಪ್ಯಾಡ್, ಬ್ರೇಕ್ ಎಣ್ಣೆ ಎರಡನ್ನೂ ಹೊಸದು ಮಾಡಿಸಿ, ಹಳೆಯ ಎಣ್ಣೆ ನೀರು ಕುಡಿದಿರುತ್ತದೆ, ಬಿಸಿಯಾದಾಗ ಬೇಗ ಕುದಿಯುತ್ತದೆ.

ನಾಳೆ ಬೀಮ್ ಹಾಕುವಾಗ ಅದರ ಮುಂದಿನ ಫೋಮ್ ತುಂಡನ್ನೂ ಕೇಳಿ ಹಾಕಿಸಿ, ಅದನ್ನು ಸುಮ್ನೆ ಬಿಸಾಕಿಬಿಡುತ್ತಾರೆ. ಹಳೆಯ ಬೋಲ್ಟ್ ತುಕ್ಕು ಹಿಡಿದಿದ್ದರೆ ಹೊಸದೇ ಹಾಕಲಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚ್‌ನಿಂದ ಬಿಗಿಯಲಿ. ಏರ್‌ಬ್ಯಾಗ್ ಸೆನ್ಸರ್‌ನ ಪ್ಲಗ್ ಬಿಚ್ಚಿದ್ದರೆ ವಾಪಸ್ ಕೂತಿದೆಯಾ ನೋಡಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಮಗಳನ್ನು ಕೂರಿಸುವ ಮೊದಲು ಇಲ್ಲಿ ಬರೆಯಿರಿ.