ಕಂಬಿ ತುಂಡು, ಉಳಿದ ಕಾಂಕ್ರೀಟ್, ಒಡೆದ ಗೋಡೆ: ಸೈಟಿನಲ್ಲಿ ದುಡ್ಡು ಸೋರುವುದು ಎಲ್ಲಿ?

(ಮನೆ ಕಟ್ಟಿಸುತ್ತಿರುವವರ ಗುಂಪಿನ ಪ್ರಶ್ನೋತ್ತರ. ಉತ್ತರ ಕೊಡುತ್ತಿರುವವರು ಮನೆ ಮತ್ತು ಸಣ್ಣ ಅಪಾರ್ಟ್‌ಮೆಂಟ್ ಕೆಲಸ ನೋಡಿಕೊಳ್ಳುವ ಸಿವಿಲ್ ಎಂಜಿನಿಯರ್. ಈ ಸಲದ ವಿಷಯ: ವೇಸ್ಟ್ ಕಡಿಮೆ ಮಾಡುವುದು, ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು.)

ಪ್ರಶ್ನೆ (ತುಮಕೂರು): ಮೇಡಂ, 30×40 ಸೈಟಿನಲ್ಲಿ ಎರಡು ಫ್ಲೋರ್ ಕಟ್ಟಿಸ್ತಾ ಇದ್ದೇವೆ. ಲೇಬರ್ ಕಾಂಟ್ರಾಕ್ಟ್ ಕೊಟ್ಟಿದ್ದೇವೆ, ಮೆಟೀರಿಯಲ್ ನಮ್ಮದು. ಮೊದಲನೇ ಮೋಲ್ಡ್ (ಛಾವಣಿ ಕಾಂಕ್ರೀಟ್) ಆಗೋ ಹೊತ್ತಿಗೇ ಮೂಲೆಯಲ್ಲಿ ಕಂಬಿ ತುಂಡಿನ ರಾಶಿ ಬಿದ್ದಿದೆ. ಮೇಸ್ತ್ರಿಯನ್ನು ಕೇಳಿದರೆ "ನೂರಕ್ಕೆ ಹತ್ತು ಹೋಗೇ ಹೋಗುತ್ತೆ ಸಾರ್" ಅಂತಾರೆ. ನಿಜಾನಾ?

ಉತ್ತರ: "ಹೋಗೇ ಹೋಗುತ್ತೆ" ಅನ್ನೋದು ಪಟ್ಟಿ ಇಲ್ಲದ ಸೈಟಿನ ಮಾತು. ಯಾವ ಕಂಬಿ, ಎಷ್ಟು ಉದ್ದ, ಎಷ್ಟು ತುಂಡು ಅಂತ ಮೊದಲೇ ಬರೆದುಕೊಂಡರೆ ನೂರಕ್ಕೆ ಮೂರರ ಒಳಗೆ ನಿಲ್ಲಿಸಬಹುದು. ಈ ಪಟ್ಟಿಗೇ ಬಿಬಿಎಸ್, ಅಂದರೆ ಬಾರ್ ಬೆಂಡಿಂಗ್ ಶೆಡ್ಯೂಲ್ ಅನ್ನುವುದು. ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಟ್ಟವರನ್ನೇ ಕೇಳಿ. ಬೇರೆಯಾಗಿ ಸ್ವಲ್ಪ ದುಡ್ಡು ಕೇಳಿದರೂ ಕೊಡಿ, ನಷ್ಟ ಇಲ್ಲ.

ಲೆಕ್ಕ ನೋಡಿ. ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. ನಿಮ್ಮ ಬೀಮಿಗೆ 16 ಎಂಎಂ ಕಂಬಿ 4.2 ಮೀಟರ್ ತುಂಡು ಬೇಕು ಅಂದುಕೊಳ್ಳಿ. ಒಂದು ಕಂಬಿಯಲ್ಲಿ ಎರಡು ತುಂಡು ಸಿಗುತ್ತದೆ, 3.6 ಮೀಟರ್ ಉಳಿಯುತ್ತದೆ. 16 ಎಂಎಂ ಕಂಬಿ ಮೀಟರಿಗೆ 1.58 ಕೆಜಿ. ಪ್ರತಿ ಕಂಬಿಯಲ್ಲಿ ಐದೂವರೆ ಕೆಜಿಗಿಂತ ಜಾಸ್ತಿ ಮೂಲೆಗೆ ಹೋಯಿತು. ಹತ್ತು ಕಂಬಿ ಕತ್ತರಿಸಿದರೆ ಅರ್ಧ ಕ್ವಿಂಟಲ್ ದಾಟಿತು. ಅದೇ ಡ್ರಾಯಿಂಗಿನಲ್ಲಿ ಕಾಲಂ ಮೇಲೆ ಬರುವ ಎಕ್ಸ್‌ಟ್ರಾ ಬಾರ್ 1.8 ಮೀಟರ್ ಇದೆ ಅಂದುಕೊಳ್ಳಿ. ಆ 3.6ರಲ್ಲಿ ಎರಡು ಸರಿಯಾಗಿ ಕೂರುತ್ತದೆ, ಚೂರೂ ಉಳಿಯುವುದಿಲ್ಲ. ಬಾರ್ ಬೆಂಡರ್‌ಗೆ ಇದು ಗೊತ್ತಿಲ್ಲ ಅಂತಲ್ಲ. ಆದರೆ ಅವತ್ತು ಅವನ ಮುಂದೆ ಇರುವುದು ಬೀಮಿನ ಡ್ರಾಯಿಂಗ್ ಮಾತ್ರ. ಎಕ್ಸ್‌ಟ್ರಾ ಬಾರ್ ನೆನಪಾಗುವುದು ಮಾರನೇ ದಿನ, ಹೊಸ ಕಂಬಿ ಎಳೆದಾಗ.

ಬೀಮ್, ಕಾಲಂ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್‌ಗಳಲ್ಲೂ ಹಾಗೇ. ಒಂದು ರಿಂಗ್‌ಗೆ 90 ಸೆಂಟಿಮೀಟರ್ ಬೇಕಿದ್ದರೆ ಒಂದು ಕಂಬಿಯಲ್ಲಿ 13 ಬರುತ್ತವೆ. ಕೈ ಅಂದಾಜಿಗೆ ಒಂದೊಂದು ಮೀಟರ್ ಕತ್ತರಿಸಿದರೆ 12. ಇಡೀ ಮನೆಗೆ ಎಷ್ಟು ರಿಂಗ್ ಬೇಕೋ ಎಣಿಸಿ ನೋಡಿ.

ಎರಡು ಮಾತು ಹೇಳಿಬಿಡುತ್ತೇನೆ. ಯಾವ ದಪ್ಪದ ಕಂಬಿಯಾದರೂ ಉದ್ದದ ತುಂಡು ಮೊದಲು ಕತ್ತರಿಸಲಿ, ಗಿಡ್ಡ ತುಂಡು ಆಮೇಲೆ. ಉಳಿದದ್ದನ್ನು ರಾಶಿ ಹಾಕಬೇಡಿ. ದಪ್ಪದ ಪ್ರಕಾರ ಬೇರೆ ಬೇರೆ ಜೋಡಿಸಿಡಿ. ರಾಶಿಯಲ್ಲಿ ಬಿದ್ದದ್ದನ್ನು ಯಾರೂ ಹುಡುಕುವುದಿಲ್ಲ, ಹೊಸದಕ್ಕೇ ಕೈ ಹಾಕುತ್ತಾರೆ.

ಇನ್ನೊಂದು, ಕಂಬಿ ಇಳಿಸಿಕೊಳ್ಳುವಾಗ ತೂಕ ನೋಡಿ. ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಬರುತ್ತದೆ. 12 ಎಂಎಂ ಪೂರ್ತಿ ಕಂಬಿ ಸುಮಾರು 10.66 ಕೆಜಿ ಇರಬೇಕು. ಐಎಸ್ 1786 (ಕಂಬಿಗೆ ಇರುವ ಭಾರತೀಯ ಮಾನದಂಡ) ಪ್ರಕಾರ 8 ಮತ್ತು 10 ಎಂಎಂಗೆ ನೂರಕ್ಕೆ 7, 12 ಮತ್ತು 16 ಎಂಎಂಗೆ 5, ಅದಕ್ಕಿಂತ ದಪ್ಪದ್ದಕ್ಕೆ 3 ಹೆಚ್ಚುಕಡಿಮೆ ಆಗಬಹುದು. ಅದರಾಚೆ ಹೋದರೆ ಅಂಗಡಿಯವರ ಹತ್ತಿರ ಮಾತಾಡಿ.

ಪ್ರಶ್ನೆ (ಮೈಸೂರು): ಸಿಮೆಂಟ್ ರೇಟ್ ಏರುತ್ತೆ ಅಂತಿದ್ದಾರೆ. ಇಡೀ ಮನೆಗೆ ಬೇಕಾದಷ್ಟು ಈಗಲೇ ತರಿಸಿ ಇಟ್ಟುಕೊಳ್ಳಬಹುದಾ?

ಉತ್ತರ: ಬೇಡ. ಚೀಲ ಒಡೆಯದಿದ್ದರೂ ಸಿಮೆಂಟ್ ಗಾಳಿಯ ತೇವ ಹೀರುತ್ತದೆ. ಮೂರು ತಿಂಗಳು ದಾಟಿದ್ದನ್ನು ಟೆಸ್ಟ್ ಮಾಡಿಸದೆ ಬಳಸಬಾರದು. ಮಳೆಗಾಲ ಅಡ್ಡ ಬಂದರೆ ಇನ್ನೂ ಕಷ್ಟ. ಎರಡು ಮೂರು ವಾರಕ್ಕೆ ಆಗುವಷ್ಟು ತರಿಸಿ. ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಇಲ್ಲದಂತೆ ಜೋಡಿಸಿ. ಚೀಲದ ಮೇಲೆ ಯಾವ ವಾರ, ಯಾವ ವರ್ಷದ್ದು ಅಂತ ಅಚ್ಚಾಗಿರುತ್ತದೆ. ಹಳೆಯದು ಮೊದಲು ಖಾಲಿ ಆಗಬೇಕು. ಸಾಮಾನ್ಯವಾಗಿ ಉಲ್ಟಾ ಆಗುತ್ತದೆ, ಹೊಸ ಲೋಡ್ ಹಳೆಯದರ ಮುಂದೆ ಬಂದು ಕೂರುತ್ತದೆ.

ಪ್ರಶ್ನೆ (ಬೆಂಗಳೂರು): ನಮ್ಮದು 10 ಚದರದ ಮೋಲ್ಡ್. ರೆಡಿಮಿಕ್ಸ್ (ಪ್ಲಾಂಟಿನಲ್ಲೇ ಕಲಸಿ ಗಾಡಿಯಲ್ಲಿ ತರುವ ಕಾಂಕ್ರೀಟ್) ತರಿಸಿದ್ದೆವು. ಕಡಿಮೆ ಬಿದ್ದರೆ ಕಷ್ಟ ಅಂತ ಕಾಂಟ್ರಾಕ್ಟರ್ ಜಾಸ್ತಿ ಹೇಳಿದರು. ಕೊನೆಗೆ ಉಳಿದದ್ದನ್ನು ಪಕ್ಕದ ಖಾಲಿ ಸೈಟಿಗೆ ಸುರಿದು ಹೋದರು. ಈಗ ಆ ಸೈಟಿನವರು ಜಗಳಕ್ಕೆ ಬಂದಿದ್ದಾರೆ. ಮೇಲಿನ ಫ್ಲೋರಿಗೆ ಹೀಗೆ ಆಗದಂತೆ ಏನು ಮಾಡೋದು?

ಉತ್ತರ: ಗಟ್ಟಿಯಾದ ಆ ಕಾಂಕ್ರೀಟ್ ನೀವೇ ತೆಗೆಸಿಕೊಡಬೇಕಾಗುತ್ತದೆ, ಬೇರೆ ದಾರಿ ಇಲ್ಲ.

10 ಚದರ ಅಂದರೆ 1000 ಚದರಡಿ, ಸುಮಾರು 93 ಚದರ ಮೀಟರ್. 5 ಇಂಚಿನ ಸ್ಲ್ಯಾಬಿಗೆ 11.8 ಕ್ಯೂಬಿಕ್ ಮೀಟರ್ ಆಗುತ್ತದೆ. ಸ್ಲ್ಯಾಬಿನ ಕೆಳಗೆ ಇಳಿಯುವ ಬೀಮಿನ ಭಾಗ ಬೇರೆ ಸೇರಿಸಬೇಕು. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಎಡವುವುದು ಮುಂದೆ.

ಸೆಂಟ್ರಿಂಗ್ ಶೀಟ್ (ಕಾಂಕ್ರೀಟ್ ಸುರಿಯಲು ಕೆಳಗೆ ಹಾಸುವ ತಗಡು) ಅಲ್ಲಲ್ಲಿ ತಗ್ಗಾಗಿ, ಸ್ಲ್ಯಾಬ್ ಎಲ್ಲಾ ಕಡೆ ಅರ್ಧ ಇಂಚು ದಪ್ಪ ಬಿತ್ತು ಅಂದುಕೊಳ್ಳಿ. 93 ಚದರ ಮೀಟರಿಗೆ ಅರ್ಧ ಇಂಚು ಅಂದರೆ ಸುಮಾರು 1.2 ಕ್ಯೂಬಿಕ್ ಮೀಟರ್. ಅಷ್ಟೂ ಕಾಂಕ್ರೀಟ್ ಸುಮ್ನೆ ಹೋಯಿತು. ಮೇಲಾಗಿ ಸ್ಲ್ಯಾಬಿನ ಸ್ವಂತ ಭಾರವೂ ಜಾಸ್ತಿ. ಹಾಗಾಗಿ ಕಂಬಿ ಕಟ್ಟುವ ಮೊದಲೇ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಪೈಪ್) ಹಿಡಿದು ಶೀಟ್ ನೋಡಿ. ಕಂಬಿ ಕಟ್ಟಿದ ಮೇಲೆ ಕೆಳಗಿನಿಂದ ಸರಿ ಮಾಡುತ್ತೇವೆ ಅನ್ನುತ್ತಾರೆ, ಮಾಡುವುದಿಲ್ಲ.

ಆರ್ಡರ್ ಕೊಡುವಾಗ ಪೂರ್ತಿ ಸಂಖ್ಯೆ ಕೊಡಬೇಡಿ. ಕೊನೆಯ ಗಾಡಿ ಅಳತೆ ಮಾಡಿ ಹೇಳುತ್ತೇವೆ ಅಂತ ಪ್ಲಾಂಟಿನವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಮುಕ್ಕಾಲು ಭಾಗ ಮುಗಿದಾಗ ಉಳಿದ ಜಾಗಕ್ಕೆ ಟೇಪ್ ಹಿಡಿದು, ದಪ್ಪ ನೋಡಿ, ಫೋನ್ ಮಾಡಿ. ಪ್ಲಾಂಟ್ ದೂರ ಇದ್ದರೆ ಸ್ವಲ್ಪ ಮುಂಚೆ. ಗಾಡಿಗೆ ಲೋಡ್ ಆದ ಎರಡು ಗಂಟೆಯೊಳಗೆ ಇಳಿಯಬೇಕು ಅನ್ನುವುದು ಐಎಸ್ 4926ರ ನಿಯಮ. ಟ್ರಾಫಿಕ್ ಅದರಲ್ಲೇ ಬರಬೇಕು. ತಡವಾಗಿ ಬಂದು ಗಟ್ಟಿಯಾದ ಮಾಲಿಗೆ ನೀರು ಬೆರೆಸಿ "ಸರಿ ಹೋಯ್ತು" ಅಂದರೆ ಒಪ್ಪಲೇಬೇಡಿ.

ಏನೇ ಮಾಡಿದರೂ ನಾಲ್ಕೈದು ಬಾಂಡ್ಲಿ ಉಳಿದೇ ಉಳಿಯುತ್ತದೆ. ಅದಕ್ಕೆ ಜಾಗ ರೆಡಿ ಇಟ್ಟಿರಿ. ಸಂಪಿನ ಮುಚ್ಚಳ, ಚೇಂಬರ್ ಮುಚ್ಚಳ, ಕಾಂಪೌಂಡ್ ಮೇಲಿನ ಕೋಪಿಂಗ್, ಇವಕ್ಕೆ ಅಚ್ಚು ಹೊಡೆದು ಕಂಬಿ ಇಟ್ಟಿದ್ದರೆ ಅಲ್ಲೇ ಸುರಿಯಬಹುದು.

ಕಾಮೆಂಟ್ (ಗುಂಪಿನಲ್ಲಿರುವ ಮೇಸ್ತ್ರಿಯೊಬ್ಬರು): ಮೇಡಂ, ಎಲ್ಲಾ ಬಾರ್ ಬೆಂಡರ್, ಮೇಸ್ತ್ರಿ ತಲೆಗೇ ಕಟ್ತೀರಿ. ಓನರ್ ಮನೆಯವರ ಜೊತೆ ಭಾನುವಾರ ಬಂದು ಕಿಟಕಿ ಜಾಗ ಬದಲಾಯಿಸ್ತಾರೆ. ಒಡೆಯೋ ಕೂಲಿ ಕೇಳಿದರೆ "ಎಲ್ಲಾ ಸೇರಿಸಿ ತಾನೇ ರೇಟ್ ಮಾತಾಡಿದ್ದು" ಅಂತಾರೆ. ವೇಸ್ಟ್ ಯಾರದ್ದು ಹೇಳಿ.

ಉತ್ತರ: ಮೇಸ್ತ್ರಿಯವರೇ, ನೀವು ಹೇಳಿದ್ದು ಸರಿ. ನನ್ನ ಕೇಳಿದರೆ ಸಣ್ಣ ಮನೆಗಳಲ್ಲಿ ದೊಡ್ಡ ವೇಸ್ಟ್ ಅದೇ. ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು. ಕಂಬಿ ತುಂಡಾದರೆ ಗುಜರಿಗೆ ಹಾಕಿ ಸ್ವಲ್ಪ ದುಡ್ಡಾದರೂ ಬರುತ್ತದೆ. ಒಡೆದ ಗೋಡೆ ಸಾಗಿಸಲು ಮತ್ತೆ ಟ್ರ್ಯಾಕ್ಟರಿಗೆ ಕೊಡಬೇಕು.

ಓನರ್‌ಗಳಿಗೆ ಹೇಳುತ್ತೇನೆ. ಪ್ಲ್ಯಾನ್ ಕಾಗದದ ಮೇಲೆ ನೋಡಿದರೆ ರೂಮ್ ಎಷ್ಟು ದೊಡ್ಡದು ಅಂತ ಯಾರಿಗೂ ತಿಳಿಯುವುದಿಲ್ಲ. ಒಂದು ಸಾಲು ಬ್ಲಾಕ್ ಇಡಿಸಿ, ಅಲ್ಲಿಗೆ ನಿಲ್ಲಿಸಿ. ಮಂಚ, ಬೀರು, ಫ್ರಿಜ್ ಎಲ್ಲಿ ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯಿರಿ. ಮನೆಯವರೆಲ್ಲ ಅವತ್ತೇ ಬಂದು ಬಾಗಿಲು, ಕಿಟಕಿ ನೋಡಿ ಒಪ್ಪಿಕೊಳ್ಳಲಿ. ಅಡುಗೆಮನೆಯಲ್ಲಿ ನಿಲ್ಲುವವರು ಬರಲೇಬೇಕು. ಒಂದು ಸಾಲು ಬ್ಲಾಕ್ ಎತ್ತಿ ಆಚೆ ಇಡಲು ಅರ್ಧ ದಿನ ಸಾಕು. ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ಅಡ್ಡ ಬೀಮ್) ಆದ ಮೇಲೆ ಕಿಟಕಿ ಸರಿಸಿದರೆ ಆ ಲಿಂಟಲ್, ಸಜ್ಜಾ ಎಲ್ಲಾ ಹೋಗುತ್ತದೆ.

ಎಲೆಕ್ಟ್ರಿಕಲ್ ವಿಷಯವೂ ಇದೇ. ಪ್ಲಾಸ್ಟರ್ ಆದ ಮೇಲೆ "ಇಲ್ಲೊಂದು ಎಸಿ ಪಾಯಿಂಟ್ ಬೇಕಿತ್ತು" ಅನ್ನುವುದು ಎಲ್ಲಾ ಮನೆಯ ಕಥೆ. ಬರಿ ಗೋಡೆ ಇದ್ದಾಗಲೇ ಎಲೆಕ್ಟ್ರಿಷಿಯನ್, ಪ್ಲಂಬರ್ ಇಬ್ಬರನ್ನೂ ಒಂದೇ ದಿನ ಕರೆಸಿ, ಸ್ವಿಚ್ ಬೋರ್ಡ್, ಗೀಸರ್, ನಲ್ಲಿ ಎಲ್ಲಾ ಗೋಡೆ ಮೇಲೆ ಗುರುತು ಮಾಡಿಸಿ. ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗಲೂ ಬೇಕಾಗುತ್ತದೆ. ಗ್ರೂವ್ ಹೊಡೆಯಲು ಕಟಿಂಗ್ ಮೆಷಿನ್ ಇರಲಿ. ಉಳಿ ಸುತ್ತಿಗೆಯಲ್ಲಿ ಹೊಡೆದರೆ ನಾಲ್ಕು ಇಂಚಿನ ಬ್ಲಾಕ್ ಗೋಡೆ ಆಚೆ ಕಡೆಯೂ ಬಿರುಕು ಬಿಡುತ್ತದೆ.

ಮತ್ತೆ ರೇಟ್ ಮಾತು. ಚದರಡಿಗೆ ಇಷ್ಟು ಅಂತ ಲೇಬರ್ ಕೊಟ್ಟು, ಮೆಟೀರಿಯಲ್ ನೀವೇ ತಂದರೆ, ಉಳಿಸಿದ ದುಡ್ಡು ನಿಮಗೆ, ಉಳಿಸುವ ಶ್ರಮ ಮಾತ್ರ ಮೇಸ್ತ್ರಿಗೆ. ಅವರು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಓನರ್ ಬದಲಾವಣೆಗೆ ಒಡೆದರೆ ಕೂಲಿ ಬೇರೆ ಅಂತ ಬರೆದುಕೊಳ್ಳಿ. ಪಟ್ಟಿಗಿಂತ ಕಡಿಮೆ ಸಿಮೆಂಟ್, ಕಂಬಿಯಲ್ಲಿ ಕೆಲಸ ಸರಿಯಾಗಿ ಮುಗಿದರೆ ಉಳಿತಾಯದಲ್ಲಿ ಒಂದು ಪಾಲು ಮೇಸ್ತ್ರಿಗೆ ಅಂತಲೂ ಬರೆಯಿರಿ. ಆದರೆ ಇದಕ್ಕೆ ಎಂಜಿನಿಯರ್ ಕಣ್ಣು ಬೇಕು. ಇಲ್ಲದಿದ್ದರೆ ಉಳಿತಾಯ ಅಂತ ಕಾಂಕ್ರೀಟ್ ಮಿಶ್ರಣಕ್ಕೇ ಸಿಮೆಂಟ್ ಕಡಿಮೆ ಬೀಳಬಹುದು.

ಪ್ರಶ್ನೆ (ಹಾಸನ): ನಮ್ಮಲ್ಲಿ ಮೆಟೀರಿಯಲ್‌ಗಿಂತ ದಿನ ಹಾಳಾಗೋದು ಜಾಸ್ತಿ. ಆಳುಗಳು ಬರ್ತಾರೆ, ಎಂ ಸ್ಯಾಂಡ್ ಬಂದಿರಲ್ಲ. ಎಂ ಸ್ಯಾಂಡ್ ಬಂದ ದಿನ ಕರೆಂಟ್ ಇಲ್ಲ, ನೀರಿಲ್ಲ. ಕೂಲಿ ಮಾತ್ರ ಕೊಡಲೇಬೇಕು.

ಉತ್ತರ: ಕಾಯುವುದನ್ನೂ ವೇಸ್ಟ್ ಅಂತ ಲೆಕ್ಕ ಹಾಕಿದ್ದು ಟೊಯೊಟಾ ಕಾರ್ಖಾನೆಯ ತಾಯಿಚಿ ಓನೋ. ಅವರ ಏಳು ವೇಸ್ಟ್‌ಗಳ ಪಟ್ಟಿಯಲ್ಲಿ ಅದೂ ಇದೆ. ಆಮೇಲೆ 1990ರ ದಶಕದಲ್ಲಿ ಅಮೆರಿಕದ ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೋವೆಲ್ ಕಟ್ಟಡ ಕೆಲಸಗಳನ್ನು ಅಳೆದು ನೋಡಿದರು. ವಾರದ ಪ್ಲ್ಯಾನಿನಲ್ಲಿ ಬರೆದ ಕೆಲಸಗಳಲ್ಲಿ ಸುಮಾರು ಅರ್ಧ ಮಾತ್ರ ಆ ವಾರ ಮುಗಿಯುತ್ತಿತ್ತು. ಅಲ್ಲೂ ನಮ್ಮ ಕಥೆಯೇ, ನೋಡಿ. ಅವರು ಕೊಟ್ಟ ಉಪಾಯ ಬಹಳ ಸರಳ: ಅಡ್ಡಿ ಇರುವ ಕೆಲಸವನ್ನು ವಾರದ ಪಟ್ಟಿಗೆ ಸೇರಿಸಲೇಬೇಡಿ.

ನಿಮ್ಮ ಸೈಟಿಗೆ ಹೀಗೆ ಮಾಡಿ. ಶನಿವಾರ ಬಟವಾಡೆಗೆ ಮೇಸ್ತ್ರಿ ಹೇಗೂ ಸಿಗುತ್ತಾರೆ. ದುಡ್ಡು ಎಣಿಸುವ ಮೊದಲು ಹತ್ತು ನಿಮಿಷ ಕೂತು ಮುಂದಿನ ವಾರದ ಕೆಲಸ ಬರೆಯಿರಿ. ಪ್ರತಿ ಕೆಲಸದ ಮುಂದೆ ಕೇಳಿ: ಮಾಲು ಇದೆಯಾ, ಡ್ರಾಯಿಂಗ್ ಇದೆಯಾ, ಹಿಂದಿನ ಕೆಲಸ ಮುಗಿದಿದೆಯಾ, ಜಾಗ ಖಾಲಿ ಇದೆಯಾ? ಒಂದಕ್ಕೆ "ಇಲ್ಲ" ಅಂದರೂ ಆ ಕೆಲಸಕ್ಕೆ ಆಳು ಕರೆಯಬೇಡಿ. ಬದಲಿಗೆ ಮಾಡಬಹುದಾದ ಒಂದೆರಡು ಕೆಲಸ ಕೈಯಲ್ಲಿರಲಿ. ಮುಂದಿನ ಶನಿವಾರ ಎಷ್ಟು ಮುಗಿಯಿತು, ಮುಗಿಯದ್ದಕ್ಕೆ ಏನು ಕಾರಣ ಅಂತ ಪಕ್ಕದಲ್ಲೇ ಬರೆಯಿರಿ. ನಾಲ್ಕು ವಾರದಲ್ಲಿ ಅದೇ ಕಾರಣ ಮತ್ತೆ ಮತ್ತೆ ಕಾಣಿಸುತ್ತದೆ. ಹೆಚ್ಚಾಗಿ ಅದು ಓನರ್ ಇನ್ನೂ ತೀರ್ಮಾನ ಮಾಡದ ಯಾವುದೋ ಬಾಗಿಲೋ ಟೈಲ್ಸೋ ಆಗಿರುತ್ತದೆ.

ಪ್ರಶ್ನೆ (ಬೆಂಗಳೂರು): ಹಳೇ ಮನೆ ಕೆಡವಿ ಹೊಸದು ಕಟ್ಟಿಸಬೇಕು. ಡೆಬ್ರಿ ಎಲ್ಲಿ ಹಾಕೋದು?

ಉತ್ತರ: ರಾಜಕಾಲುವೆ, ಕೆರೆ ಅಂಚು ಬಿಟ್ಟು ಅಂತ ಮೊದಲೇ ಹೇಳುತ್ತೇನೆ. ರಾತ್ರಿ ಟಿಪ್ಪರಿನವರು "ಎಲ್ಲೋ ಹಾಕ್ತೀವಿ ಬಿಡಿ" ಅಂದರೆ ಆ ಎಲ್ಲೋ ಯಾವುದು ಅಂತ ಕೇಳಿ. ಕಟ್ಟಡ ತ್ಯಾಜ್ಯಕ್ಕೆ 2016ರಿಂದಲೇ ಪ್ರತ್ಯೇಕ ನಿಯಮ ಇದೆ, 2025ರಲ್ಲಿ ಹೊಸದು ಬಂದಿದೆ. ಹೊಸದರಲ್ಲಿ ದೊಡ್ಡ ಹೊಣೆ ಇರುವುದು 20,000 ಚದರ ಮೀಟರ್ ಮೇಲ್ಪಟ್ಟ ಪ್ರಾಜೆಕ್ಟ್‌ಗಳಿಗೆ. ಹಾಗಂತ ನೀವು ರಸ್ತೆಗೆ ಸುರಿಯುವ ಹಾಗಿಲ್ಲ. ಚಿಕ್ಕಜಾಲದ ಕಡೆ ಸಂಸ್ಕರಣೆ ಮಾಡುವ ಘಟಕ ಇದೆ. ಸಾಗಿಸುವ ಮೊದಲು ಪಾಲಿಕೆಯಲ್ಲಿ ವಿಚಾರಿಸಿ.

ಕೆಡವುವ ಮೊದಲು ಬಿಚ್ಚಿ. ಬಾಗಿಲು, ಕಿಟಕಿ, ಮಂಗಳೂರು ಹೆಂಚು, ಚಪ್ಪಡಿ ಕಲ್ಲು, ಗ್ರಿಲ್ ಎಲ್ಲಕ್ಕೂ ಗಿರಾಕಿ ಇದ್ದಾರೆ. ಜೆಸಿಬಿ ಮೊದಲು ಬಂದರೆ ಇದೆಲ್ಲ ಡೆಬ್ರಿ ಆಗುತ್ತದೆ. ಇಟ್ಟಿಗೆ ಚೂರು, ಕಾಂಕ್ರೀಟ್ ಚೂರು ಹೊಸ ಪಾಯದೊಳಗೆ ತುಂಬಲು ಬರುತ್ತದೆ, ಚೆನ್ನಾಗಿ ದಮ್ಮಸ್ಸು ಮಾಡಬೇಕು. ಮರದ ತುಂಡು ಒಂದೂ ಸೇರಬಾರದು, ಗೆದ್ದಲಿಗೆ ಊಟ ಹಾಕಿದಂತೆ. ಹಳೇ ಕಾಂಕ್ರೀಟ್ ಒಡೆದು ಮಾಡಿದ ಜಲ್ಲಿಯನ್ನು ಎಂ25 ಗ್ರೇಡಿನವರೆಗಿನ ಆರ್‌ಸಿಸಿಗೂ (ಕಂಬಿ ಇರುವ ಕಾಂಕ್ರೀಟ್) ನೂರಕ್ಕೆ 20ರಷ್ಟು ಬೆರೆಸಬಹುದು ಅಂತ ಐಎಸ್ 383 ಹೇಳುತ್ತದೆ. ಆದರೆ ಅದು ಘಟಕದಲ್ಲಿ ತಯಾರಾಗಿ ಟೆಸ್ಟ್ ಆದ ಮಾಲಿಗೆ. ಸೈಟಿನಲ್ಲಿ ಸುತ್ತಿಗೆಯಲ್ಲಿ ಒಡೆದದ್ದನ್ನು ಸ್ಲ್ಯಾಬಿಗೆ ಹಾಕಬೇಡಿ.

ಪ್ರಶ್ನೆ (ಹುಬ್ಬಳ್ಳಿ): ಟೈಲ್ಸ್ ಎಷ್ಟು ಹೆಚ್ಚಿಗೆ ತರಿಸಬೇಕ್ರಿ? ಅಂಗಡಿಯವರು ನೂರಕ್ಕ ಹತ್ತು ಅಂತಾರ. ರೂಮು 10×12 ಅದ.

ಉತ್ತರ: ನೇರ ಹಾಕಿಸಿದರೆ ಐದು ಸಾಕು, ಅಡ್ಡಕೋನದಲ್ಲಿ ಹಾಕಿಸಿದರೆ ಹತ್ತು. ಆದರೆ ನಿಮ್ಮ ಅಳತೆಯಲ್ಲಿ ಒಂದು ತೊಡಕಿದೆ. ಎರಡಡಿ ಟೈಲ್ ಅನ್ನುತ್ತೇವೆ, ಅದು ಬರುವುದು 60 ಸೆಂಟಿಮೀಟರ್. ಹತ್ತಡಿ ಅಂದರೆ 304.8. ಐದು ಟೈಲ್ ಕೂತ ಮೇಲೆ ನಾಲ್ಕು ಸೆಂಟಿಮೀಟರ್ ಚಿಲ್ಲರೆ ಪಟ್ಟಿ ಉಳಿಯುತ್ತದೆ. ಹನ್ನೆರಡಡಿ ಕಡೆಯೂ ಹಾಗೇ, ಐದು ಸೆಂಟಿಮೀಟರ್ ಆಸುಪಾಸು. ಆ ಸಣ್ಣ ಪಟ್ಟಿ ಕತ್ತರಿಸುವಾಗ ಟೈಲ್ ಒಡೆಯುವುದು ಜಾಸ್ತಿ, ನೋಡಲೂ ಚೆಂದ ಇರುವುದಿಲ್ಲ.

ಗೋಡೆ ಇನ್ನೂ ಆಗಿಲ್ಲ ಅಂದರೆ ಪ್ಲಾಸ್ಟರ್ ಆದ ಮೇಲಿನ ಒಳ ಅಳತೆ ಹತ್ತಡಿ ಕಡೆ 301 ಸೆಂಟಿಮೀಟರ್ ಬರುವಂತೆ ಮಾರ್ಕಿಂಗ್ ಮಾಡಿಸಿ. ಆಗಿದ್ದರೆ ಬೇರೆ ಸೈಜಿನ ಟೈಲ್ ನೋಡಿ, ಇಲ್ಲವೇ ಆ ಪಟ್ಟಿ ಬೀರು ಬರುವ ಗೋಡೆ ಕಡೆ ಬರಲಿ. ಎಲ್ಲಾ ಬಾಕ್ಸ್ ಒಂದೇ ಬ್ಯಾಚ್ ನಂಬರಿನದ್ದು ಅಂತ ಇಳಿಸುವಾಗಲೇ ನೋಡಿ. ಒಂದು ಬಾಕ್ಸ್ ಒಡೆಯದೆ ಎತ್ತಿಡಿ, ಮುಂದೆ ಪೈಪ್ ಸೋರಿದಾಗ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ. ಗೋಡೆ ಆಗಿದೆಯಾ ಇಲ್ಲವಾ ಹೇಳಿ, ಉಳಿದ ರೂಮಿನ ಅಳತೆಗಳನ್ನೂ ಹಾಕಿ. ಲೆಕ್ಕ ಮಾಡಿ ಕೊಡುತ್ತೇನೆ.